ಹಾಗಲಕಾಯಿ ಹಾಡು

ಹಾಸನದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ ಚಿದಂಬರಯ್ಯನವರಿಗೆ ತಮ್ಮ ಬುದ್ಧಿಯ ಬಗ್ಗೆ ಹೆಮ್ಮೆಯಿತ್ತು. ಅದಕ್ಕಿಂತ ಹೆಚ್ಚಿನ ಹೆಮ್ಮೆ ತಮ್ಮ ಕಿವಿಯ ಬಗ್ಗೆ. ನಿವೃತ್ತರಾದ ಮೇಲೆ ಊರಿನ ಸಂಗೀತ ಸಭೆಗೆ ಅಧ್ಯಕ್ಷರಾದರು. ಕಛೇರಿ ನಡೆಯುವಾಗ ಮುಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಹಾಡುವವರು ಒಂದು ಸ್ವರ ಜಾರಿದರೂ ಇವರ ಹುಬ್ಬು ಗಂಟಿಕ್ಕುತ್ತಿತ್ತು. ಅವರು ಮಾತ್ರ ಬಾಯಿಬಿಟ್ಟು ಹಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಅಷ್ಟೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಯಾರು ಎಂಥ ಹಾಡು ಕೇಳುತ್ತಾರೆ ಎಂಬುದರಿಂದ ಅವರು ಮನುಷ್ಯರ ತಲೆಯನ್ನು ತೂಗುತ್ತಿದ್ದರು. ರಾಗ ಆಲಾಪನೆಯನ್ನು ಅಲುಗಾಡದೆ ಕೂತು ಕೇಳುವವನು ಬುದ್ಧಿವಂತ. ಸಿನಿಮಾ ಹಾಡಿಗೆ ತಲೆದೂಗುವವನು ಸುಮಾರು. ಮೆರವಣಿಗೆಯ ಡೋಲಿಗೆ ಕುಣಿಯುವವನಂತೂ ಅವರ ಲೆಕ್ಕದಲ್ಲಿ ಪೂರ್ತಿ ದಡ್ಡ.

"ಡಬಡಬ ಅನ್ನೋದನ್ನ ಕೇಳಿ ಕುಣಿಯೋ ತಲೆಗೆ ಒಂದು ಆಲೋಚನೆಯನ್ನ ಕೊನೇತನಕ ಹಿಡಿದಿಡೋ ತ್ರಾಣ ಎಲ್ಲಿಂದ ಬರಬೇಕು?" ಎಂದು ಕೇಳುತ್ತಿದ್ದರು. ಎದುರಿದ್ದವರು ಹೌದೆನ್ನುತ್ತಿದ್ದರು. ಇಲ್ಲವೆಂದರೆ ತಾವೂ ದಡ್ಡರ ಸಾಲಿಗೆ ಸೇರಬೇಕಲ್ಲ!

ಅವರ ಹೆಂಡತಿ ಕಮಲಾಕ್ಷಮ್ಮ ಮದುವೆಯಾದ ಹೊಸದರಲ್ಲಿ ಒಗ್ಗರಣೆ ಹಾಕುತ್ತಾ ಸಿನಿಮಾ ಹಾಡು ಗುನುಗುತ್ತಿದ್ದರು. "ಬಿ.ಎ. ಮಾಡಿದೋಳು ಇಂಥದ್ದನ್ನ ಹಾಡ್ತೀಯಾ?" ಎಂದು ಗಂಡ ಅಡುಗೆಮನೆ ಬಾಗಿಲಲ್ಲಿ ನಿಂತು ಒಮ್ಮೆ ಕೇಳಿದರು. ಬೈದದ್ದೇನೂ ಅಲ್ಲ, ಆಶ್ಚರ್ಯಪಟ್ಟದ್ದು ಅಷ್ಟೆ. ಆಮೇಲೆ ಆ ಮನೆಯಲ್ಲಿ ಕಮಲಾಕ್ಷಮ್ಮನ ಹಾಡು ಕೇಳಿಸಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಚಿದಂಬರಯ್ಯನವರು ಕಾಫಿ ಲೋಟಕ್ಕೆ ಕೈಚಾಚಿದರು. ಲೋಟ ಹಿಡಿತಕ್ಕೆ ಸಿಗಲಿಲ್ಲ. "ಇದೇನಿದು" ಎನ್ನಲು ಹೋದರು. ಬಾಯಿಂದ ಬಂದದ್ದು "ಬ... ಬ..." ಅಷ್ಟೇ.

ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ವೈದ್ಯರು. ಜೀವಕ್ಕೇನೂ ಆಗಲಿಲ್ಲ. ಬಲಗೈ, ಬಲಗಾಲು ಸೋತವು, ನಿಧಾನಕ್ಕೆ ಚೇತರಿಸಿಕೊಳ್ಳತೊಡಗಿದವು. ಮಾತು ಮಾತ್ರ ಹೋದದ್ದು ಹೋದ ಹಾಗೆಯೇ ಉಳಿಯಿತು.

ಒಳಗೆ ಎಲ್ಲವೂ ಸರಿಯಾಗಿತ್ತು. ಯಾರು ಬಂದರು, ಏನೆಂದರು, ಕಿಟಕಿಯಾಚೆ ಯಾವ ಬಸ್ಸು ಹೋಯಿತು, ಎಲ್ಲ ಅವರಿಗೆ ತಿಳಿಯುತ್ತಿತ್ತು. ಉತ್ತರವೂ ಮನಸ್ಸಿನಲ್ಲಿ ಸಿದ್ಧವಾಗುತ್ತಿತ್ತು. ನಾಲಿಗೆಯ ತನಕ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ನೋಡಲು ಬಂದವರು ಮಗುವಿನ ಹತ್ತಿರ ಮಾತಾಡುವ ಹಾಗೆ ಗಟ್ಟಿಯಾಗಿ, ಎಳೆದೆಳೆದು ಮಾತಾಡುತ್ತಿದ್ದರು. "ಊ...ಟ ಆಯ್ತಾ? ಇಡ್ಲಿ ತಿಂದ್ರಾ, ಇ...ಡ್ಲಿ?" ಚಿದಂಬರಯ್ಯನವರಿಗೆ ಮೈ ಉರಿಯುತ್ತಿತ್ತು.

ಮಾತಿನ ಚಿಕಿತ್ಸೆಗೆಂದು ಆಸ್ಪತ್ರೆಯವರು ಮನೆಗೆ ಒಬ್ಬ ಹುಡುಗಿಯನ್ನು ಕಳಿಸಿದರು. ಕೊಪ್ಪಳದ ಕಡೆಯವಳು, ಹೆಸರು ಹುಲಿಗೆಮ್ಮ. ಮೈಸೂರಿನಲ್ಲಿ ಓದಿ ಈ ಕೆಲಸಕ್ಕೆ ಸೇರಿದ್ದಳು. ಬಂದವಳು ನಮಸ್ಕಾರ ಮಾಡಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಅವಳ ಚೀಲದೊಳಗಿನ ಫೋನ್ ಮೊಳಗಿತು. ಡೋಲು, ತಮಟೆ, ಸೀಟಿ, ನಡುವೆ ಯಾರೋ "ಏಯ್ ಏಯ್" ಎಂದು ಕೂಗುವ ಹಾಡು. ಇಡೀ ಕೋಣೆ ಅದುರಿತು.

"ಸಾರಿ ಸರ," ಎಂದು ನಗುತ್ತಾ ಆರಿಸಿದಳು. "ಈ ಹಾಡು ಅಂದ್ರ ನನಗ ಜೀವ."

ಚಿದಂಬರಯ್ಯನವರು ಅಲ್ಲಿಗೇ ತೀರ್ಪು ಕೊಟ್ಟುಬಿಟ್ಟರು. ಇಂಥ ಹಾಡಿಗೆ ಜೀವ ಬಿಡುವವಳ ಕೈಗೆ ನನ್ನ ತಲೆ ಒಪ್ಪಿಸಬೇಕೇ? ಬೇರೆ ಯಾರೂ ಸಿಗಲಿಲ್ಲವೇ? ಕೇಳಲು ಮಾತಿರಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದರು. ಅವಳು ಚಿತ್ರ ತೋರಿಸಿದರೆ ಕಣ್ಣು ಮುಚ್ಚಿದರು. ಮರುದಿನವೂ ಅದೇ. ಮೂರನೆಯ ಸಲ ಬಂದಾಗ ಹೊದಿಕೆಯನ್ನು ತಲೆಯ ಮೇಲೆಳೆದುಕೊಂಡರು. ಹುಲಿಗೆಮ್ಮ ಬೇಜಾರು ತೋರಿಸದೆ ಬರುತ್ತಲೇ ಇದ್ದಳು.

ಒಂದು ಮಧ್ಯಾಹ್ನ ಅವಳಿದ್ದಾಗಲೇ ಸಂಗೀತ ಸಭೆಯ ಕಾರ್ಯದರ್ಶಿ ಪ್ರಾಣೇಶ ರಾಯರು ಹಣ್ಣು ಹಿಡಿದು ಬಂದರು. ಚಿದಂಬರಯ್ಯನವರ ಹಳೆಯ ಗೆಳೆಯರು. ಮುಂದಿನ ಸಾಲಿನಲ್ಲಿ ಪಕ್ಕದ ಕುರ್ಚಿ ಅವರದೇ. ಹಾಸಿಗೆಯ ಕಾಲುದೆಸೆಯಲ್ಲಿ ನಿಂತು ಕಮಲಾಕ್ಷಮ್ಮನ ಹತ್ತಿರ ಹೇಳಿದರು:

"ಎಂಥಾ ತಲೆ ಕಣಮ್ಮ, ಎಂಥಾ ತಲೆ! ಎಲ್ಲಾ ಅಳಿಸಿಹೋಯ್ತಲ್ಲ. ಇನ್ನು ಇವರಿಗೆ ತೋಡಿ ರಾಗ ಯಾವುದು, ತಗಡು ಬಡಿಯೋದು ಯಾವುದು, ಎರಡೂ ಒಂದೇ. ಅಧ್ಯಕ್ಷಗಿರಿಗೆ ಬೇರೆಯವರನ್ನ ನೋಡ್ಬೇಕು."

ಕಮಲಾಕ್ಷಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. ಚಿದಂಬರಯ್ಯನವರು ಮಲಗಿದಲ್ಲೇ ಕಲ್ಲಾದರು.

ಹುಲಿಗೆಮ್ಮ ಎದ್ದು ನಿಂತಳು. "ಅಲ್ರೀ ಸರ, ಅವರ ಮುಂದನ ಹಿಂಗ ಮಾತಾಡ್ತೀರಲ್ರಿ? ಅವರಿಗೆ ಎಲ್ಲಾ ತಿಳೀತೈತಿ. ಮಾತು ಹೊರಗ ಬರವಲ್ದು, ಅಷ್ಟ. ಬುದ್ಧಿ ಎಲ್ಲಿಗೂ ಹೋಗಿಲ್ಲ."

"ನಿನಗೆ ಹೇಗಮ್ಮ ಗೊತ್ತು? ಒಂದು ಮಾತೂ ಆಡಿಲ್ಲ ಅವರು."

"ನನ್ನ ಮ್ಯಾಲ ಸಿಟ್ಟು ಮಾಡ್ಕೊಂಡು ಗ್ವಾಡಿ ಕಡೆ ತಿರುಗ್ತಾರಲ್ರಿ. ಯಾರ ಮ್ಯಾಲ, ಯಾವಾಗ ಸಿಟ್ಟು ಮಾಡಬೇಕು ಅಂತ ತಿಳಿಯೋರಿಗೆ ಬುದ್ಧಿ ಇಲ್ಲ ಅಂತಾರೇನ್ರಿ?"

ಪ್ರಾಣೇಶ ರಾಯರು ಹಣ್ಣಿಟ್ಟು ಹೊರಟುಹೋದರು.

ಗೋಡೆಗೆ ಮುಖ ಮಾಡಿದ್ದ ಚಿದಂಬರಯ್ಯನವರು ಮೆಲ್ಲಗೆ ಈ ಕಡೆ ಹೊರಳಿದರು. ತಮ್ಮ ತಲೆ ನೆಟ್ಟಗಿದೆ ಎಂದು ಗೆಳೆಯನಿಗೆ ತಿಳಿಯಲಿಲ್ಲ, ಇಷ್ಟು ವರ್ಷ ಜೊತೆಗಿದ್ದ ಹೆಂಡತಿಗೂ ಅನುಮಾನ ಬಂದಿತ್ತು. ತಿಳಿದದ್ದು ಈ ಹುಡುಗಿಗೆ. ಇವಳ ತಲೆಯಲ್ಲಿ ಏನೂ ಇಲ್ಲ ಎಂದು ತಾವು ಒಂದು ಹಾಡು ಕೇಳಿದ ಮಾತ್ರಕ್ಕೆ ಹೇಳಿಬಿಟ್ಟಿದ್ದರು. ನಾಚಿಕೆಯಿಂದ ಅವರ ಮುಖ ಕೆಂಪಾಯಿತು. ಎಡಗೈ ಎತ್ತಿ ಖಾಲಿ ಕುರ್ಚಿ ತೋರಿಸಿದರು. ಕೂತುಕೋ ಎಂದು.

"ತಲಿಯೊಳಗ ಹಾಡು ಇರೋ ಜಾಗಾನ ಬ್ಯಾರೆ, ಮಾತು ಇರೋ ಜಾಗಾನ ಬ್ಯಾರೆ ಸರ," ಎಂದು ಅವಳು ಅಂದೇ ವಿವರಿಸಿದಳು. "ಮಾತಾಡಾಕ ಬರದವರೂ ಒಮ್ಮೊಮ್ಮೆ ಹಾಡ್ತಾರ. ಹಾಡಿನ ಬೆನ್ನು ಹತ್ತಿ ಮಾತು ಬರ್ತೈತಿ. ನೋಡೋಣೇನ್ರಿ?"

ಮರುದಿನ ಅವಳು ಅವರಿಗಾಗಿ ಒಂದು ಕೀರ್ತನೆಯನ್ನು ಫೋನಿನಲ್ಲಿ ಕೇಳಿ ಕಲಿತು ಬಂದಿದ್ದಳು. ಹಾಡಿದಳು. ಶ್ರುತಿ ಒಂದು ಕಡೆ, ಅವಳೊಂದು ಕಡೆ. ಚಿದಂಬರಯ್ಯನವರ ಹುಬ್ಬು ಅಭ್ಯಾಸಬಲದಿಂದ ಗಂಟಿಕ್ಕಿತು, ಮರುಕ್ಷಣ ತುಟಿಯಲ್ಲಿ ನಗು ಮೂಡಿತು. ತಾವೂ ಸೇರಿಕೊಳ್ಳಲು ಬಾಯಿ ತೆರೆದರು. ಏನೂ ಬರಲಿಲ್ಲ. ಕಮಲಾಕ್ಷಮ್ಮ ಗಂಡನ ಅಚ್ಚುಮೆಚ್ಚಿನ ಕಛೇರಿಗಳನ್ನೆಲ್ಲ ಹಾಕಿ ಕೇಳಿಸಿದರು. ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ.

"ಕೇಳಿದ್ದು ಸಾಲಂಗಿಲ್ರಿ ಅಮ್ಮಾರ," ಎಂದಳು ಹುಲಿಗೆಮ್ಮ. "ಅವರ ಬಾಯಾಗ ಹಾಡಿದ್ದ ಹಾಡು ಬೇಕು. ಸಣ್ಣಾವರಿದ್ದಾಗ ಹಾಡಿದ್ದು ಯಾವುದಾರ ಇದ್ರ..."

"ಇವರು ಹಾಡಿದ್ದು ನಾನು ಕೇಳೇ ಇಲ್ಲ ಕಣಮ್ಮ."

ಮಾತು ಮುಗಿಯುವಷ್ಟರಲ್ಲಿ ಹುಲಿಗೆಮ್ಮನ ಫೋನ್ ಮತ್ತೆ ಮೊಳಗಿತು. ಅದೇ ಡೋಲು, ಅದೇ ತಮಟೆ. ಅವಸರದಿಂದ ಆರಿಸಲು ಹೋದವಳು ಅಲ್ಲೇ ನಿಂತಳು. ಹೊದಿಕೆಯ ತುದಿಯಲ್ಲಿ ಚಿದಂಬರಯ್ಯನವರ ಎಡಗಾಲಿನ ಹೆಬ್ಬೆರಳು ಕುಣಿಯುತ್ತಿತ್ತು.

ಅವರೂ ನೋಡಿಕೊಂಡರು. ಬೆರಳನ್ನು ಮಡಿಸಲು ನೋಡಿದರು. ಅದು ಕೇಳಲಿಲ್ಲ.

ಹುಲಿಗೆಮ್ಮ ಫೋನ್ ಪಕ್ಕಕ್ಕಿಟ್ಟು, ಊಟದ ತಟ್ಟೆಯನ್ನು ಬೋರಲು ಹಾಕಿ ಅದೇ ಲಯವನ್ನು ಬೆರಳಿನಿಂದ ಬಡಿಯತೊಡಗಿದಳು. ನಿಧಾನವಾಗಿ, ಬಿಡದೆ. ಚಿದಂಬರಯ್ಯನವರ ಎದೆಯೊಳಗೆ ಎಲ್ಲೋ ಒಂದು ಬಾಗಿಲು ಸರಿದಂತಾಯಿತು. ಊರಾಚೆಯ ಬಯಲು, ನಾಟಕ ಕಂಪನಿಯ ಡೇರೆ, ಡೇರೆಯ ಹರಕಿನಲ್ಲಿ ಕಣ್ಣಿಟ್ಟು ನಿಂತ ಪುಟ್ಟ ಹುಡುಗ. ಒಳಗೆ ಹಾಸ್ಯದವನು ಹಾಡುತ್ತಾ ಕುಣಿಯುತ್ತಿದ್ದಾನೆ. ಅವರ ಬಾಯಿ ತಾನಾಗಿ ತೆರೆಯಿತು.

"ಹತ್ರ ಬಾರೇ ಹಾಗಲಕಾಯಿ,
ನಿನ್ ಕಂಡ್ರೆ ನೀರೂರ್ತದೆ ಬಾಯಿ!"

ಪದ ಪದವೂ ಸ್ಪಷ್ಟ. ಚಿದಂಬರಯ್ಯನವರೇ ಬೆರಗಾಗಿ ಮತ್ತೊಮ್ಮೆ ಹಾಡಿದರು. ಆ ಹಾಡನ್ನು ಅವರು ಪೂರ್ತಿ ಮರೆತಿದ್ದರು. ಅದನ್ನು ಹಾಡುತ್ತಾ ಮನೆಗೆ ಬಂದ ದಿನ ಅಪ್ಪ ಕಿವಿ ಹಿಂಡಿ, "ಬುದ್ಧಿ ಇರೋರು ಹಾಡೋ ಹಾಡೇನೋ ಇದು?" ಎಂದು ಬಾರಿಸಿದ್ದರು. ಅಂದು ಮುಚ್ಚಿದ ಬಾಯಿ ಹಾಡಿಗೆ ಇವತ್ತೇ ತೆರೆದದ್ದು.

ಹುಲಿಗೆಮ್ಮ ತಟ್ಟೆ ಬಡಿಯುವುದನ್ನು ನಿಲ್ಲಿಸಲಿಲ್ಲ. "ಸರ, ಹಾಗಲಕಾಯಿ ತಗೀರಿ. ಅಲ್ಲಿ ಅಮ್ಮಾರ ಹೆಸರು ಹಾಕ್ರಿ."

ಚಿದಂಬರಯ್ಯನವರು ಹೆಂಡತಿಯ ಕಡೆ ನೋಡಿದರು. ಹಣೆಯಲ್ಲಿ ಬೆವರು ಮೂಡಿತು.

"ಹತ್ರ... ಬಾರೇ... ಕಮಲಾಕ್ಷಿ."

ಕಮಲಾಕ್ಷಮ್ಮ ಬಂದರು. ಅಳುತ್ತಲೂ ನಗುತ್ತಲೂ ಮಂಚದ ಅಂಚಿನಲ್ಲಿ ಕೂತು ಗಂಡನ ಕೈ ಹಿಡಿದುಕೊಂಡರು. "ಮದುವೆಯಾದಾಗಿನಿಂದ ಒಂದು ದಿನವೂ ಹೀಗೆ ಕರೀಲಿಲ್ವಲ್ರೀ," ಎಂದರು. ಆಮೇಲೆ ತಾವೂ ಆ ಧಾಟಿಗೆ ದನಿಗೂಡಿಸಿದರು. ಅವರ ಕಂಠ ಇಂಪಾಗಿತ್ತು. ಇಷ್ಟು ಇಂಪು ಎಂದು ಚಿದಂಬರಯ್ಯನವರಿಗೆ ಗೊತ್ತೇ ಇರಲಿಲ್ಲ.

ಅಲ್ಲಿಂದ ಕೆಲಸ ಶುರುವಾಯಿತು. ನೀರು ಬೇಕು, ಕಿಟಕಿ ತೆಗಿ, ಕಾಲು ನೋಯ್ತಿದೆ, ಎಲ್ಲವನ್ನೂ ಆ ಧಾಟಿಯಲ್ಲಿ ಕೂರಿಸಿ ಹೇಳುವುದನ್ನು ಕಲಿತರು. ಬರುಬರುತ್ತಾ ಧಾಟಿ ತೆಳುವಾಯಿತು, ಮಾತು ಗಟ್ಟಿಯಾಯಿತು. ಕೆಲವು ದಿನ ಒಂದು ಪದವೂ ಬಾರದೆ ತಟ್ಟೆಯನ್ನು ನೂಕಿಬಿಡುತ್ತಿದ್ದರು. ಹುಲಿಗೆಮ್ಮ ಎತ್ತಿಕೊಂಡು ಬಂದು ಮತ್ತೆ ಬಡಿಯುತ್ತಿದ್ದಳು.

ಒಂದು ದಿನ ಅವರು ಅವಳ ಕಡೆ ಬೆರಳು ತೋರಿಸಿ, ತೊಡೆಯ ಮೇಲೆ ತಾಳ ಹಾಕುತ್ತಾ, ತುಂಬ ಹೊತ್ತು ತೆಗೆದುಕೊಂಡು ಹೇಳಿದರು. "ನಿನ್ನ... ದಡ್ಡಿ... ಅಂದ್ಕೊಂಡಿದ್ದೆ. ಆ ಹಾಡು... ಕೇಳಿ."

"ಅದು ಮೊದಲನೇ ದಿನಾನ ಗೊತ್ತಾತು ಬಿಡ್ರಿ ಸರ," ಎಂದು ಹುಲಿಗೆಮ್ಮ ನಕ್ಕಳು. ಆಮೇಲೆ ತಾನೂ ಒಪ್ಪಿಕೊಂಡಳು: "ನಾನೂ ಏನ್ ಕಡಿಮಿ ಇಲ್ರಿ. ಸಂಗೀತ ಕಛೇರಿಗೆ ಹೋಗೋರೆಲ್ಲ ಸೊಕ್ಕಿನವರು ಅಂದ್ಕೊಂಡಿದ್ದೆ. ಅದು ನಿಮ್ಮಂಥಾ ಶಾಣ್ಯಾರಿಗೆ, ನಮಗ ತಿಳಿಯಂಗಿಲ್ಲ ಅಂತ ಕಿವಿನ ಕೊಟ್ಟಿರಲಿಲ್ಲ."

"ಕೊಡು," ಎಂದರು ಚಿದಂಬರಯ್ಯನವರು. ಆ ಪದ ಯಾವ ಧಾಟಿಯ ಹಂಗೂ ಇಲ್ಲದೆ ಬಂತು. ಹೆಂಡತಿಗೆ ಸನ್ನೆ ಮಾಡಿ ಒಂದು ಮೋಹನ ರಾಗ ಹಾಕಿಸಿದರು. ಹುಲಿಗೆಮ್ಮ ಪೂರ್ತಿ ಕೇಳಿ, "ಮೊದಲು ನಿದ್ದಿ ಬಂತ್ರಿ. ಕಡೀಕ ಛಲೋ ಅನ್ನಿಸ್ತು," ಎಂದಳು. ಅವಳ ಪ್ರಾಮಾಣಿಕತೆ ಅವರಿಗೆ ಹಿಡಿಸಿತು. ಸಭೆಯ ಎಷ್ಟೋ ಮಂದಿ ಮುಂದಿನ ಸಾಲಿನಲ್ಲೇ ನಿದ್ದೆ ಮಾಡಿ ಆಮೇಲೆ "ದಿವ್ಯ" ಎನ್ನುತ್ತಿದ್ದದ್ದು ಅವರಿಗೆ ಗೊತ್ತಿತ್ತು.

ಕೋಲೂರಿಕೊಂಡು ನಡೆಯುವಷ್ಟಾದ ಮೇಲೆ ಅವರೇ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆಯುತ್ತಿದ್ದರು. ಒಮ್ಮೆ ಹೋದಾಗ ಪಡಸಾಲೆಯ ಬೆಂಚಿನ ಮೇಲೆ ದ್ಯಾವೀರಮ್ಮ ಎಂಬ ಹೆಂಗಸು ಕೂತಿದ್ದರು. ಇವರಿಗೆ ಬಡಿದ ಕಾಯಿಲೆಯೇ ಅವರಿಗೂ ಬಡಿದಿತ್ತು. ಕರೆದುಕೊಂಡು ಬಂದಿದ್ದ ಮಗ, ನಡುವಯಸ್ಸಿನವನು, ಹುಲಿಗೆಮ್ಮನ ಹತ್ತಿರ ಹೇಳುತ್ತಿದ್ದ. "ಅವ್ವಂಗೆ ಏನೂ ತಿಳಿಯಾಕಿಲ್ಲ ಮೇಡಂ. ಕೂರಿಸಿದ ಕಡೆ ಕೂರ್ತದೆ. ಬುದ್ಧಿ ಪೂರಾ ಹೊಂಟೋಗದೆ."

ಆ ತಾಯಿ ನೆಲ ನೋಡುತ್ತಿದ್ದರು. ಆ ನೋಟ ಚಿದಂಬರಯ್ಯನವರಿಗೆ ಚೆನ್ನಾಗಿ ಗೊತ್ತಿತ್ತು. ಕೋಲೂರಿಕೊಂಡು ಹೋಗಿ ಬೆಂಚಿನ ಮೇಲೆ ಅವರ ಪಕ್ಕ ಕೂತರು.

"ತಿಳಿಯುತ್ತೆ," ಎಂದರು. ಉಸಿರು ತೆಗೆದುಕೊಂಡು, ತೊಡೆಯ ಮೇಲೆ ತಾಳ ಹಾಕಿಕೊಂಡು ಮುಂದುವರಿಸಿದರು. "ಎಲ್ಲಾ... ತಿಳಿಯುತ್ತೆ. ನನಗೂ... ಹೀಗೇ ಆಗಿತ್ತು. ಅವರ ಕಡೆ... ತಿರುಗಿ... ಮಾತಾಡಪ್ಪ."

ಮಗ ಗಲಿಬಿಲಿಯಾಗಿ ಹುಲಿಗೆಮ್ಮನ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ತಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ಅವ್ವಾ... ನಾನ್ ಹೇಳೋದು ಕೇಳಿಸ್ತದಾ?"

ದ್ಯಾವೀರಮ್ಮ ತಲೆಯೆತ್ತಿ ಮಗನನ್ನು ನೋಡಿದರು. ನೋಡುತ್ತಾ ನೋಡುತ್ತಾ ಅವರ ಹಣೆ ಸುಕ್ಕಾಯಿತು. ಸ್ವಾಧೀನವಿದ್ದ ಎಡಗೈಯನ್ನು ಮೆಲ್ಲಗೆ ಚಾಚಿ ಅವನ ಅಂಗಿಯ ಮೇಲಿನ ಗುಂಡಿಯನ್ನು ಬಿಚ್ಚಿದರು. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಅವನು ಗುಂಡಿಗಳನ್ನೆಲ್ಲ ಒಂದೊಂದು ತೂತು ತಪ್ಪಿಸಿ ಹಾಕಿಕೊಂಡಿದ್ದ. ಅವರು ಅದನ್ನು ಸರಿಯಾದ ತೂತಿಗೆ ಸೇರಿಸಲು ಹೆಣಗಾಡಿದರು. ನಾಲಿಗೆಯಿಂದ "ಚ್ಚು" ಎಂದರು.

"ಬೆಳಗಿಂದ ಹಿಂಗೇ ಓಡಾಡ್ತಿದ್ನಾ ಅವ್ವಾ?" ಎಂದು ಮಗ ನಕ್ಕ. ನಗುತ್ತಿದ್ದ ಹಾಗೆಯೇ ತಾಯಿಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದ. ದ್ಯಾವೀರಮ್ಮ ಅವನ ತಲೆ ಸವರಿದರು.

ನೀತಿ: ಒಬ್ಬರಿಗೆ ಇಂಥ ಹಾಡು ಇಷ್ಟ ಎಂದರೆ ಅವರಿಗೆ ಆ ಹಾಡು ಇಷ್ಟ ಎಂದಷ್ಟೇ ಅರ್ಥ. ಅವರ ಬುದ್ಧಿ ಎಷ್ಟೆಂದು ಅದರಿಂದ ತಿಳಿಯುವುದಿಲ್ಲ, ಅವರು ಮಾತಾಡದೆ ಇರುವುದರಿಂದಲೂ ತಿಳಿಯುವುದಿಲ್ಲ. ದೂರದಿಂದ ತೂಗುವುದನ್ನು ಬಿಟ್ಟು ಪಕ್ಕದಲ್ಲಿ ಕೂತು ಮಾತಾಡಿಸಿದರೆ, ಎಲ್ಲರೊಳಗೂ ಒಬ್ಬ ತಿಳಿದ ಮನುಷ್ಯ ಇರುವುದು ಕಾಣುತ್ತದೆ.