ಉಪ್ಪರಿಗೆಯ ಜೆರೇನಿಯಂ

"ಕೇಳಿರಪ್ಪೋ ಕೇಳಿ! ನಮ್ಮ ದೊರೆ ಕೇತರಸರ ಅಪ್ಪಣೆ. ಅರಮನೆಯ ಉಪ್ಪರಿಗೆಯಲ್ಲಿ ಬಂದು ಕೂತಿರುವ ರಾಕ್ಷಸಿಯ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಜೊತೆಗೆ ಅರಸುಮಗಳು ಪದ್ಮಲೆ. ಒಂದು ತಪ್ಪಿದರೂ ಅವನು ರಾಕ್ಷಸಿಯ ಪಾಲು!"

ಡಂಗುರದವನು ಇಷ್ಟು ಸಾರಿ ಬೇಗ ಬೇಗ ಮುಂದಿನ ಬೀದಿಗೆ ಹೋದ. ಅವನ ಹಿಂದೆಯೇ ಮನೆಗಳ ಬಾಗಿಲು ಮುಚ್ಚಿಕೊಂಡವು.

ಆಗಿದ್ದೇನೆಂದರೆ, ಬೇಟೆಗೆ ಹೋದ ಕೇತರಸ ಕಾಡಿನ ನಡುವೆ ಒಂದು ಒಂಟಿಮನೆ ಕಂಡಿದ್ದ. ಅದರ ಕಿಟಕಿಗಳ ತುಂಬ ಮಣ್ಣಿನ ಕುಂಡಗಳು, ಕುಂಡಗಳ ತುಂಬ ಜೆರೇನಿಯಂ. ದುಂಡನೆಯ ಎಲೆ, ಕೆಂಪು ಹೂವಿನ ಗೊಂಚಲು, ಮುಟ್ಟಿದರೆ ಬೆರಳಿಗೆ ಹತ್ತುವ ಘಾಟು ವಾಸನೆ. ಯಾರ ಮನೆಯೆಂದು ಕೇಳದೆ ಮಗಳಿಗೆಂದು ಒಂದು ಕುಂಡ ಎತ್ತಿ ತಂದ. ಉಳಿದವು ಕುದುರೆಗಳ ಕಾಲಡಿ ಪುಡಿಯಾದವು.

ಪದ್ಮಲೆ ತಾಯಿಯಿಲ್ಲದ ಹುಡುಗಿ. ಆ ಗಿಡವನ್ನು ಕೂಸಿನಂತೆ ನೋಡಿಕೊಂಡಳು. ಬಿಸಿಲು ತಾಗದಿರಲೆಂದು ಒಳಗಿಟ್ಟಳು. ಬೆಳಿಗ್ಗೆ ಸಂಜೆ ಬೆಳ್ಳಿ ಗಿಂಡಿಯಿಂದ ನೀರೆರೆದಳು. ಎಲೆ ಹಳದಿಯಾದಾಗ ಇನ್ನಷ್ಟು ಎರೆದಳು. ಕಾಂಡದ ಬುಡ ಕಪ್ಪಾಗತೊಡಗಿದ ದಿನವೇ ರಾಕ್ಷಸಿ ಬಂದಳು. ಕಾವಲಿನವರ ಈಟಿಗಳನ್ನು ಕಡ್ಡಿಯಂತೆ ಮುರಿದು, ಉಪ್ಪರಿಗೆ ಹತ್ತಿ, ಕುಂಡದ ಪಕ್ಕ ಕೂತಳು.

"ಒಗಟು ಬಿಡಿಸುವವರು ಸಿಕ್ಕರೆ ಎದ್ದು ಹೋಗುತ್ತೇನೆ," ಎಂದಳು ಅರಸನಿಗೆ. "ಅಷ್ಟರೊಳಗೆ ಈ ಗಿಡ ಸತ್ತರೆ ನಿನ್ನ ಮಗಳು ನನ್ನವಳು."

ಮೊದಲು ಬಂದವನು ನೆರೆನಾಡಿನ ರಾಜಕುಮಾರ ಇಂದ್ರಕೇತು. ರಾಕ್ಷಸಿ ಮೆಲುದನಿಯಲ್ಲಿ ಕೇಳಿದಳು: "ಬಿಸಿಲಲ್ಲಿ ನಿಲ್ಲಿಸಿದರೆ ನಗುತ್ತದೆ. ಬಾಯಾರಿದರೂ ಬದುಕುತ್ತದೆ. ಪ್ರೀತಿಯಿಂದ ಕುಡಿಸಿ ಕುಡಿಸಿ ಕೊಂದವರು, ಯಾಕೆ ಸತ್ತಿತೆಂದು ತಿಳಿಯದೆ ಅಳುತ್ತಾರೆ. ಏನದು?"

"ಒಂಟೆ!" ಎಂದ ರಾಜಕುಮಾರ.

"ಒಂಟೆ ಸಾಕಾದಷ್ಟು ಕುಡಿದು ಮುಖ ತಿರುಗಿಸುತ್ತದೆ. ಕುಡಿಸಿ ಕೊಲ್ಲಲಾರೆ, ಮಗಾ," ಎಂದು ರಾಕ್ಷಸಿ ಅವನ ಕೈ ಹಿಡಿದು ಪಕ್ಕದ ಕೋಣೆಗೆ ಕರೆದೊಯ್ದಳು. ಹೊರಗೆ ಬಂದವಳು ಅವಳೊಬ್ಬಳೇ.

ಗಿಡದ ಬುಡದ ಕಪ್ಪು ಈಗ ಕಾಂಡದ ನಡುವಿನವರೆಗೆ ಏರಿತು. ದಂಡನಾಯಕ ಬಾಚಯ್ಯ ಬಂದು ಅದೇ ಒಗಟಿಗೆ "ಬೆಂಕಿ" ಎಂದ.

"ಬೆಂಕಿಗೆ ಪ್ರೀತಿಯಿಂದ ನೀರು ಹಾಕಿದವರನ್ನು ಎಲ್ಲಿ ಕಂಡೆ?" ಎಂದು ರಾಕ್ಷಸಿ ಅವನನ್ನೂ ಕರೆದೊಯ್ದಳು. ಆಮೇಲೆ ಯಾರೂ ಬರಲಿಲ್ಲ.

ಉಪ್ಪರಿಗೆಗೆ ನೀರು ಹೊರುತ್ತಿದ್ದವನು ಹಾಲಪ್ಪನೆಂಬ ಯುವಕ. ರಾಜಕುಮಾರ, ದಂಡನಾಯಕ ಇಬ್ಬರೂ ಆ ಕೋಣೆ ಹೊಕ್ಕಿದ್ದನ್ನು ಕಂಡವನು. ಪದ್ಮಲೆ ಮತ್ತೆ ಗಿಂಡಿ ಎತ್ತಿದಾಗ ಅವನಿಗೆ ತಡೆಯಲಾಗಲಿಲ್ಲ.

"ಬೇಡ ಅಮ್ಮಣ್ಣೀ, ಎರೆಯಬೇಡಿ!" ಎಂದ.

ರಾಕ್ಷಸಿ ತಲೆ ತಿರುಗಿಸಿದಳು. "ನೀನು ಉತ್ತರ ಹೇಳಲು ಬಂದವನೋ?"

ಹಾಲಪ್ಪ ಹೊತ್ತ ಕೊಡವನ್ನು ಕೆಳಗಿಟ್ಟ. "ಹೌದು ತಾಯಿ. ನಿಮ್ಮ ಪಕ್ಕದಲ್ಲಿರುವ ಗಿಡವೇ ಅದು. ಮಣ್ಣು ಆರುವುದಕ್ಕೇ ಬಿಡಲಿಲ್ಲ, ಬೇರು ಕೊಳೆಯಿತು. ನೀರು ಹೊತ್ತು ತಂದವನು ನಾನೇ."

ಪದ್ಮಲೆಯ ಕೈಯಿಂದ ಗಿಂಡಿ ಜಾರಿ ಬಿತ್ತು.

"ಸರಿ," ಎಂದಳು ರಾಕ್ಷಸಿ. "ಎರಡನೆಯದು ಕೇಳು. ನನಗೊಬ್ಬ ಮಗಳು. ಅವಳಷ್ಟಕ್ಕೆ ಬಿಟ್ಟೆ, ಬಡಕಲಾಗಿ ಉದ್ದಕ್ಕೆ ಬೆಳೆದಳು. ತಲೆ ಚಿವುಟಿದೆ, ಒಂದಿದ್ದಲ್ಲಿ ಎರಡು ತಲೆ ಬಂದವು. ಬಾಡಿದ ಮುಖ ಕಿತ್ತೆಸೆದೆ, ಹೊಸ ಮುಖ ಅರಳಿತು. ಯಾರವಳು?"

ಹಾಲಪ್ಪ ಗಿಡವನ್ನೇ ದಿಟ್ಟಿಸಿದ. ಹಿಂದೊಮ್ಮೆ ದಾಸಿಯ ಸೆರಗು ಸಿಕ್ಕಿ ತುದಿ ಮುರಿದಿದ್ದ ಜಾಗದಲ್ಲಿ ಎರಡು ಕವಲು ಒಡೆದಿದ್ದವು. "ಇವಳೇ," ಎಂದ. "ಕುಡಿ ಚಿವುಟಿದರೆ ಕವಲು. ಬಾಡಿದ ಹೂ ತೆಗೆದರೆ ಹೊಸ ಮೊಗ್ಗು."

ರಾಕ್ಷಸಿ ಎದ್ದು ಅವನ ತಲೆಯ ಮೇಲೆ ಬಾಗಿದಳು. "ಮೂರನೆಯದು. ತಾಯಿ ಸಾಯುತ್ತಿದ್ದಾಳೆ. ಅವಳ ಮೈಯನ್ನೇ ಕಡಿಯಬೇಕು. ಕಡಿದದ್ದನ್ನು ಕೂಡಲೇ ಮಲಗಿಸಿದರೆ ಕೊಳೆಯುತ್ತದೆ. ಉಪವಾಸವಿಟ್ಟು ಗಾಯ ಒಣಗಿಸಿದರೆ ತಾಯಿಯೇ ಎದ್ದು ಬರುತ್ತಾಳೆ. ಬಾಯಲ್ಲಿ ಹೇಳಬೇಡ. ಮಾಡಿ ತೋರಿಸು."

ಮುರಿದ ಆ ತುದಿಯನ್ನು ದಾಸಿ ಅಂಗಳಕ್ಕೆ ಎಸೆದಿದ್ದಳು. ಬಿಸಿಲಲ್ಲಿ ಬಿದ್ದು ಒಣಗಿದ್ದ ಅದು ಗೋಡೆ ಬದಿಯ ಮರಳಲ್ಲಿ ಚಿಗುರಿದ್ದು, ಆಮೇಲೆ ಮೇಕೆಯ ಬಾಯಿಗೆ ಹೋದದ್ದು ಹಾಲಪ್ಪನಿಗೆ ನೆನಪಾಯಿತು. ಸೊಂಟದ ಚೂರಿ ತೆಗೆದ. ಕಪ್ಪಿನ ಮೇಲೆ ಹಸಿರು ಇನ್ನೂ ಗೇಣುದ್ದ ಉಳಿದಿತ್ತು. ಅಲ್ಲಿಗೆ ಕೊಯ್ದ.

ಮರುಗಳಿಗೆ ರಾಕ್ಷಸಿಯ ಬೆರಳುಗಳು ಅವನ ಕುತ್ತಿಗೆ ಸುತ್ತಿದ್ದವು. "ಕೊಂದೆಯಾ?"

"ಕಾಯಬೇಕು... ತಾಯಿ," ಎಂದ, ಉಸಿರು ಸಿಕ್ಕಷ್ಟರಲ್ಲಿ.

ಹಿಡಿ ಸಡಿಲವಾಯಿತು, ಆದರೆ ಅವಳು ಕದಲಲಿಲ್ಲ. ಹಾಲಪ್ಪ ಕೆಳಗಿನ ಎಲೆಗಳನ್ನು ಬಿಡಿಸಿ, ತುಂಡನ್ನು ನೆರಳಲ್ಲಿಟ್ಟ. ಕೊಯ್ದ ಬಾಯಿ ಒಣಗಿ ಸಿಪ್ಪೆಗಟ್ಟಿದ ಮೇಲೆ ಬುಡದಲ್ಲಿ ತೂತಿದ್ದ ಚಿಕ್ಕ ಕುಂಡಕ್ಕೆ ಮರಳುಮಣ್ಣು ತುಂಬಿ ನೆಟ್ಟ. ಒಂದೇ ಸಲ ಹದವಾಗಿ ನೀರು ಕೊಟ್ಟು ಕಿಟಕಿಯ ಬೆಳಕಿಗಿಟ್ಟ. ಇದ್ದ ಎಲೆಗಳು ಜೋತುಬಿದ್ದವು. ಅರಸ ಊಟ ಬಿಟ್ಟ. ದಿನ ಬೆಳಗಾದರೆ ರಾಕ್ಷಸಿ "ಸತ್ತಿತೇ?" ಎಂದು ಕೇಳುವಳು, ಪದ್ಮಲೆ ಅವಳೆದುರು ಕೂತು "ಇನ್ನೂ ಇಲ್ಲ" ಎನ್ನುವಳು. ಗಿಂಡಿಯನ್ನು ಮಾತ್ರ ಅವಳು ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ತುದಿಯಲ್ಲಿ ಉಗುರಿನಷ್ಟು ಹೊಸ ಎಲೆ ಬಿಚ್ಚಿಕೊಂಡಿತು. ರಾಕ್ಷಸಿ ಅದನ್ನು ಬೆರಳ ತುದಿಯಿಂದ ಸವರಿ ಮೂಸಿದಳು. ಅವಳ ಕಣ್ಣುಗಳು ತುಂಬಿ ಬಂದವು. ಕುಂಡವನ್ನು ಎದೆಗವಚಿಕೊಂಡು, ಯಾರತ್ತಲೂ ನೋಡದೆ ಮೆಟ್ಟಿಲಿಳಿದು ಹೋದಳು.

ಕೇತರಸ ಹಾಲಪ್ಪನನ್ನು ತಬ್ಬಿಕೊಂಡ. "ಅರ್ಧ ರಾಜ್ಯ ನಿನ್ನದು. ಮಗಳೂ ನಿನ್ನವಳು."

"ರಾಜ್ಯದ ಮಾತು ನಿಮ್ಮದು, ಒಡೆಯಾ. ಮದುವೆಯ ಮಾತನ್ನು ಅಮ್ಮಣ್ಣಿಯವರು ಹೇಳಲಿ."

"ನನಗೆ ಒಪ್ಪಿಗೆ," ಎಂದಳು ಪದ್ಮಲೆ. "ಆದರೆ ಅಪ್ಪಾ, ಕಾಡಿನ ಆಕೆಯ ಮನೆಯನ್ನು, ಪುಡಿಯಾದ ಕುಂಡಗಳನ್ನು ಮೊದಲಿನಂತೆ ಮಾಡಿಕೊಡಬೇಕು. ನೀವೇ ಹೋಗಬೇಕು."

ಅರಸ ತಲೆ ತಗ್ಗಿಸಿ ಕಾಡಿಗೆ ಹೋಗಿ ಬಂದ ಮೇಲೆಯೇ ಮದುವೆ ನಡೆಯಿತು. ದಿಬ್ಬಣ ದಂಡನಾಯಕ ಬಾಚಯ್ಯನ ಮನೆಯ ಬೀದಿಗೆ ತಿರುಗಿದಾಗ ಹಾಲಪ್ಪ ಕೈಯೆತ್ತಿದ. ವಾದ್ಯಗಳು ನಿಂತವು. ಗಂಡ ಹೆಂಡತಿ ಇಬ್ಬರೂ ಕುದುರೆಯಿಂದಿಳಿದು, ಯಜಮಾನ ಮರಳಿ ಬಾರದ ಆ ಮನೆಯ ಮುಚ್ಚಿದ ಬಾಗಿಲಿನ ಮುಂದೆ ಬರಿಗಾಲಲ್ಲಿ ನಡೆದುಹೋದರು.