ಅಮೀನರ ತೊಟ್ಟಿಲು

ಕೋರ್ಟಿನ ಅಮೀನಗಿರಿಯಿಂದ ನಿವೃತ್ತರಾದರೂ ಶಾಮಣ್ಣನವರಿಗೆ ಕಂಡದ್ದನ್ನೆಲ್ಲ ಜಪ್ತಿ ಮಾಡುವ ಚಟ ಬಿಟ್ಟಿರಲಿಲ್ಲ. ಪಕ್ಕದ ಮನೆಯನ್ನು ಬಾಡಿಗೆಗೆ ಕೊಡುವಾಗಲೇ ಗುಡುಗಿದ್ದರು: "ಗೋಡೆಗೆ ಹೊಡೆದದ್ದು, ತೊಲೆಗೆ ಕಟ್ಟಿದ್ದು ಎಲ್ಲಾ ಮನೆಗೇ ಸೇರಿದ್ದು. ಬಿಟ್ಟು ಹೋಗುವಾಗ ಒಂದು ಗೂಟ ಕಿತ್ತರೂ ಸುಮ್ಮನಿರಲ್ಲ!"

ಬಾಡಿಗೆಗೆ ಬಂದ ಗಂಗಮಾಳಮ್ಮ ಮನೆಯಲ್ಲೇ ಬಟ್ಟೆ ಹೊಲಿದು ಬದುಕುವವಳು, ಕೈಗೂಸಿನ ತಾಯಿ. ಅವಳು ತವರಿನಿಂದ ತಂದ ತೊಟ್ಟಿಲನ್ನು ತೊಲೆಗೆ ಕಟ್ಟಿದ ದಿನವೇ ಅಮೀನರು ಬಂದು ಊರುಗೋಲೆತ್ತಿ ತೋರಿಸಿದರು.

"ಇದೂ ನನ್ನದೇ."

"ಆಗಲಿ ಸ್ವಾಮಿ. ಹಂಗಾದ್ರೆ ಇದರ ಉಸ್ತುವಾರಿ ಯಾರದು?"

"ನನ್ನ ವಸ್ತುವಿನ ಉಸ್ತುವಾರಿ ನನ್ನದೇ. ಇನ್ಯಾರದು?"

ಗಂಗಮಾಳಮ್ಮ ತಲೆಯಾಡಿಸಿ ಹೊಲಿಗೆಗೆ ಕೂತಳು.

ಮಧ್ಯಾಹ್ನ ಮೂರಕ್ಕೆ ಮಗು ಅಳತೊಡಗಿತು. ಅರ್ಧ ಹೊಲಿದ ರವಿಕೆ ಹಿಡಿದೇ ಅವಳು ಹೋಗಿ ಅಮೀನರ ಬಾಗಿಲು ತಟ್ಟಿದಳು.

"ಸ್ವಾಮಿ, ನಿಮ್ಮ ತೊಟ್ಟಿಲು ನಿಂತುಹೋಗಿದೆ. ಸ್ವಲ್ಪ ಬಂದು ನೋಡಿ."

ಅಮೀನರು ಕೆಂಡವಾಗಿ ಬಂದರು. ಬೈಯೋಣವೆಂದರೆ ಅವರ ದನಿಗಿಂತ ಮಗುವಿನ ಅಳುವೇ ಜೋರು. ಮೊದಲು ಅದು ನಿಲ್ಲಲಿ ಎಂದು ಒಮ್ಮೆ ತೂಗಿದರು. ಇನ್ನೊಮ್ಮೆ ತೂಗಿದರು. ಮಗು ಅವರ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದು ನಿದ್ದೆಹೋಯಿತು. ಈಗ ಬೈದರೆ ಎದ್ದುಬಿಟ್ಟೀತಲ್ಲ! ಅಮೀನರು ಉಸಿರು ಬಿಗಿಹಿಡಿದು ಅಲ್ಲೇ ನಿಂತರು. ಗಂಗಮಾಳಮ್ಮ ಎರಡು ರವಿಕೆ ಹೊಲಿದು ಮುಗಿಸಿದಳು.

ಮಾರನೆಯ ದಿನ ಮಗು ಅಳಲೇ ಇಲ್ಲ. ಆದರೂ ಮೂರಕ್ಕೆ ಸರಿಯಾಗಿ ಅಮೀನರು ಬಾಗಿಲಲ್ಲಿ ನಿಂತು ಕೆಮ್ಮಿದರು. ಕೈಯಲ್ಲೊಂದು ಹೊಸ ಗಿಲಕಿ.

"ತಗೋ ತಾಯಿ, ಮಗುವಿನ ಕೈಗೇ ಕೊಡು," ಎಂದರು ಮೆಲ್ಲಗೆ. "ತೊಟ್ಟಿಲಿಗೆ ಮಾತ್ರ ಕಟ್ಟಬೇಡ. ಕಟ್ಟಿದರೆ ನನ್ನದಾಗಿಬಿಡುತ್ತೆ."