ಟವೆಲ್ಲು ಹಾಕಿದ ಜಾಗ

ಹೊಳೆದಂಡೆಯ ಆಶ್ರಮದಲ್ಲಿದ್ದದ್ದು ಒಂದೇ ಕಂಪ್ಯೂಟರ್. ಅದರೊಳಗೆ ಒಂದೊಂದೂ ಬೇರೆ ಕಂಪ್ಯೂಟರಿನಂತೆ ನಡೆಯುವ ಮೂರು ವರ್ಚುವಲ್ ಯಂತ್ರಗಳು: ಪಾಠಕ್ಕೊಂದು, ಪುಸ್ತಕಕ್ಕೊಂದು, ಆಚೆ ದಡದ ಹೆರಿಗೆ ಕೋಣೆಗೆ ಡಾಕ್ಟರನ್ನು ತೋರಿಸುವುದೊಂದು. ಮೂರಕ್ಕೂ ಮೆಮೊರಿ ಹಂಚುವ ಯಜಮಾನನ ಹೆಸರು ಹೈಪರ್‌ವೈಸರ್. ಇವೆಲ್ಲದರ ಉಸ್ತುವಾರಿ ಶಿಷ್ಯ ಪಂಪಣ್ಣನದು.

ಪಂಪಣ್ಣನ ಜಾಗ್ರತೆ ಒಂದು ಕೈ ಹೆಚ್ಚೇ. ಪಾಠ, ಪುಸ್ತಕಗಳ ಯಂತ್ರಗಳನ್ನು ಹೊರಗಿನೊಡನೆ ಬೆಸೆಯುವ ನೆಟ್‌ವರ್ಕ್ ಕಾರ್ಡುಗಳಿಗೆ ಎಂದೂ ಕೊರತೆಯಾಗದಿರಲೆಂದು ರಾಶಿ ಮೆಮೊರಿ ಕಾಯ್ದಿರಿಸಿಬಿಟ್ಟ. ಹಾಗೆ ಕಾಯ್ದಿರಿಸಿದ್ದು ಖಾಲಿ ಬಿದ್ದಿದ್ದರೂ ಹೈಪರ್‌ವೈಸರ್ ಅದನ್ನು ಬೇರೆಯವರಿಗೆ ಕೊಡುವಂತಿಲ್ಲ.

ಒಂದು ಬೆಳಿಗ್ಗೆ ಆಚೆ ದಡದಿಂದ ನರ್ಸ್ ಬಸಮ್ಮ ಫೋನಿನಲ್ಲಿ ಕೂಗಿದಳು.

"ಹುಟ್ಟಿದ ಕೂಸು ಅಳವಲ್ದು! ಡಾಕ್ಟರ್ ಮುಖ ಪರದೆ ಮ್ಯಾಲೆ ಹಂಗ ನಿಂತುಬಿಟ್ಟೈತಿ!"

ಪಂಪಣ್ಣ ಗುರುಗಳನ್ನು ಕೂಗಿದ. ಗುರು ಮಹಾಂತಯ್ಯ ಓಡಿ ಬಂದರು.

"ಪಾಠ, ಪುಸ್ತಕ ಎರಡೂ ಬಂದ್ ಮಾಡು."

ಮಾಡಿದ. ಬಿಡುಗಡೆಯಾದ ಮೆಮೊರಿ ಹೆರಿಗೆ ಕೋಣೆಯ ಯಂತ್ರಕ್ಕೆ ಸಿಕ್ಕಿತು. ಡಾಕ್ಟರ ತುಟಿ ಅಲುಗಿತು, ಮಾತು ಕೇಳಿತು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಕೂಸು ಅತ್ತಿತು. ಪಂಪಣ್ಣನೂ ಅತ್ತ.

"ಕಾದಿಟ್ಟಿದ್ದು ತಪ್ಪೇನ್ರಿ ಅಜ್ಜಾರ?"

ಮಧ್ಯಾಹ್ನ ದಾಸೋಹದ ಊಟಕ್ಕೆ ಎಲೆ ಹಾಕಿದ್ದೇ ತಡ, ಗುರು ಬಸ್ಸಿನ ಸೀಟಿಗೆ ಹಾಕುವ ಹಾಗೆ ಎಲೆಯೆಲೆಯ ಮುಂದೂ ಒಂದೊಂದು ಟವೆಲ್ಲು ಹಾಕಿಬಿಟ್ಟರು. ಹಸಿದು ಬಂದವರು ಗೋಡೆಗೊರಗಿ ನಿಂತರು.

ಅನ್ನದ ಬುಟ್ಟಿ ಹಿಡಿದಿದ್ದ ಪಂಪಣ್ಣ ತಡೆಯಲಾರದೆ ಕೇಳಿದ. "ಈ ಜಾಗ ಯಾರಿಗ್ರೀ?"

"ಬಂದರೂ ಬಂದಾರು."

"ಬಂದವರು ಇಲ್ಲೇ ನಿಂತಾರಲ್ರೀ!"

"ಹೌದಲ್ಲ," ಎಂದರು ಗುರು.

ಪಂಪಣ್ಣನ ಮುಖ ಕೆಂಪಾಯಿತು. ಟವೆಲ್ಲುಗಳನ್ನೆಲ್ಲ ಎತ್ತಿ ಹೆಗಲಿಗೆ ಹಾಕಿಕೊಂಡ. ಎಲ್ಲರೂ ಕೂತರು. ಹೊಟ್ಟೆ ತುಂಬಿದವರು ಎಲೆಗೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಎಂದರು. ಬುಟ್ಟಿ ಮುಂದಿನ ಎಲೆಗೆ ಹೋಯಿತು.

ಊಟ ಮುಗಿದದ್ದೇ ಅವನು ಕಂಪ್ಯೂಟರಿನ ಮುಂದೆ ಕೂತ. ಕಾರ್ಡುಗಳಿಗೆ ಬೇಕಾದಷ್ಟನ್ನೇ ಉಳಿಸಿ ಮಿಕ್ಕಿದ್ದನ್ನು ಬಿಡಿಸಿದ. ಹೈಪರ್‌ವೈಸರ್ ಕೇಳಿದಾಗ ಹೆಚ್ಚಿನದನ್ನು ಮರಳಿಸುವಂತೆ ಯಂತ್ರಗಳಿಗೆ ಹೇಳಿಟ್ಟ. ಆಮೇಲೆ ಬಂದು ಗುರುಗಳ ಕಾಲಿಗೆ ಬಿದ್ದ.

"ಒಂದು ಮಾತೂ ಬೈಲಿಲ್ಲ ನೀವು. ಈ ಉಪಕಾರ ಸಾಯೋತನಕ ಮರಿಯಂಗಿಲ್ರಿ."

"ನನಗ್ಯಾಕ? ಕೂಸಿಗೆ ಜಾಗ ಬಿಟ್ಟ ಆ ಎರಡು ಯಂತ್ರಕ್ಕ ಕೈ ಮುಗಿ."

ಪಂಪಣ್ಣ ಕಣ್ಣೊರೆಸಿಕೊಂಡು ನಕ್ಕ. "ಯಂತ್ರಕ್ಕೇನು ಗೊತ್ತಾಕ್ಕೈತ್ರಿ ಅಜ್ಜಾರ? ಕೇಳಿದಾಗ ಇಷ್ಟು ಸಾಕು ಅಂತಾವ, ಅಷ್ಟ."

"ಸಾಕು ಅನ್ನಾವ್ರ, ತಮ್ಮಾ, ಆ ಕೂಸನ್ನ ಸಾಕಾವ್ರು."